ಮನೆಯಲ್ಲೇ ಹೊಲಿದ ರೊಮ್ಯಾಂಟಿಕ್ ಟುಟು: ಅಳತೆ, ಖರ್ಚು ಮತ್ತು ಬಿಚ್ಚಿದ ಹೊಲಿಗೆಗಳು

ಚಿಕ್ಕಮಗಳೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ 18 ವರ್ಷಗಳಿಂದ ರವಿಕೆ, ಲಂಗ ಮತ್ತು ಭರತನಾಟ್ಯದ ಉಡುಪುಗಳನ್ನು ಹೊಲಿಯುತ್ತಿದ್ದೇನೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಈಗ 14 ವರ್ಷ. ಅವಳು ಐದು ವರ್ಷಗಳಿಂದ ಬ್ಯಾಲೆ ಕಲಿಯುತ್ತಿದ್ದಾಳೆ. ಆಗಸ್ಟ್ ಕೊನೆಯಲ್ಲಿ ನಡೆಯಬೇಕಿದ್ದ ಪ್ರದರ್ಶನಕ್ಕೆ ಅವಳ ಗುರುಗಳು ‘ಜಿಸೆಲ್’ ಬ್ಯಾಲೆಯ ಎರಡನೆಯ ಅಂಕದ ಒಂದು ಭಾಗವನ್ನು ಆರಿಸಿಕೊಂಡು, ಉಡುಪನ್ನು ಅವರವರೇ ಹೊಂದಿಸಿಕೊಳ್ಳಬೇಕೆಂದು ಹೇಳಿದರು. ಸಿದ್ಧ ಉಡುಪಿಗೆ 9,000 ರೂಪಾಯಿ ಕೇಳಿದರೆಂದು ತಂಗಿ ಫೋನಿನಲ್ಲಿ ಹೇಳಿದಾಗ, ನಾನೇ ಹೊಲಿದು ಕೊಡುತ್ತೇನೆಂದು ಮಾತು ಕೊಟ್ಟೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನಡೆದ ಆ ಕೆಲಸದ ದಾಖಲೆ ಇದು. ಎಲ್ಲಿ ತಪ್ಪಿದೆ ಎಂಬುದನ್ನು ಹೆಚ್ಚು ವಿವರವಾಗಿ ಬರೆದಿದ್ದೇನೆ, ಏಕೆಂದರೆ ಹೊಲಿಗೆ ಬಲ್ಲವರೂ ಎಡವುವ ಜಾಗಗಳು ಅವೇ.

ಟುಟು ಎಂದರೆ ಸೊಂಟದ ಸುತ್ತ ತಟ್ಟೆಯಂತೆ ಅಡ್ಡಕ್ಕೆ ನಿಲ್ಲುವ ಗಿಡ್ಡ ಲಂಗ ಎಂದು ನಾನು ತಿಳಿದಿದ್ದೆ. ಅದು ಕ್ಲಾಸಿಕಲ್ ಟುಟು. ರೊಮ್ಯಾಂಟಿಕ್ ಟುಟು ಅದಕ್ಕಿಂತ ಹಳೆಯದು; 1832ರಲ್ಲಿ ಪ್ಯಾರಿಸ್‌ನಲ್ಲಿ ಮೇರಿ ಟಾಗ್ಲಿಯೋನಿ ‘ಲಾ ಸಿಲ್ಫೀಡ್’ ಬ್ಯಾಲೆಗೆ ತೊಟ್ಟ ಬಿಳಿಯ ಉಡುಪಿನಿಂದ ಹೆಸರಾಯಿತು. ಸೊಂಟದಿಂದ ಗಂಟೆಯಾಕಾರದಲ್ಲಿ ಇಳಿದು, ಮೊಣಕಾಲಿಗೂ ಪಾದದ ಗಂಟಿಗೂ ನಡುವೆ ನಿಲ್ಲುವ ಮೆತ್ತನೆಯ ಲಂಗವದು. ಜಿಸೆಲ್‌ನ ಎರಡನೆಯ ಅಂಕದಲ್ಲಿ ಬರುವ ವಿಲಿಗಳು ಮದುವೆಗೆ ಮೊದಲೇ ಸತ್ತ ಹುಡುಗಿಯರ ಆತ್ಮಗಳು. ಅವರು ತೊಡುವುದು ಇದನ್ನೇ.

ಮೇ 19: ಅಳತೆ

ಬೇಸಿಗೆ ರಜೆ ಮುಗಿಸಿ ಊರಿಗೆ ಹಿಂದಿರುಗುವ ಮುನ್ನ ಹುಡುಗಿಯನ್ನು ಬರಿಗಾಲಿನಲ್ಲಿ ನಿಲ್ಲಿಸಿ ಅಳತೆ ತೆಗೆದುಕೊಂಡೆ. ಎತ್ತರ 5 ಅಡಿ 1 ಇಂಚು, ಎದೆ 30, ಸೊಂಟ 25, ಸೊಂಟದಿಂದ 3 ಇಂಚು ಕೆಳಗೆ 30, 5 ಇಂಚು ಕೆಳಗೆ 33, ಸೊಂಟದಿಂದ ನೆಲಕ್ಕೆ 38. ಲಂಗದ ಅಂಚು ನೆಲದಿಂದ 11 ಇಂಚು ಮೇಲೆ ಇರಬೇಕೆಂದು ಗುರುಗಳು ಹೇಳಿದ್ದರಿಂದ ಲಂಗದ ಉದ್ದ 27 ಇಂಚು ಎಂದು ನಿಶ್ಚಯಿಸಿದೆ. ಎದೆಯ ಅಳತೆಯನ್ನು ರವಿಕೆಗೆ ತೆಗೆಯುವಂತೆ ಸುಮ್ಮನೆ ನಿಂತಾಗ ತೆಗೆದದ್ದು ನನ್ನ ಮೊದಲ ತಪ್ಪು. ಅದು ಹೊರಗೆ ಬಿದ್ದದ್ದು ಎರಡು ತಿಂಗಳ ನಂತರ.

ಮೇ 26: ಸೊಂಟದ ಪಟ್ಟಿ

ಈ ಉಡುಪಿನಲ್ಲಿ ನೆಟ್‌ನ ಪದರಗಳನ್ನು ಸೊಂಟಕ್ಕೆ ನೇರವಾಗಿ ಹೊಲಿಯುವುದಿಲ್ಲ. ಸೊಂಟದಿಂದ ಕೆಳಕ್ಕೆ ಮೈಗೆ ಅಂಟಿ ಕೂರುವ ಒಂದು ಪಟ್ಟಿ ಇರುತ್ತದೆ. ಬ್ಯಾಲೆ ಉಡುಪು ಹೊಲಿಯುವವರು ಅದನ್ನು ಬಾಸ್ಕ್ ಎನ್ನುತ್ತಾರೆ. ನೆರಿಗೆಯ ದಪ್ಪವೆಲ್ಲ ಅದರ ಕೆಳಭಾಗದಲ್ಲಿ ಬರುವುದರಿಂದ ಸೊಂಟ ತೆಳ್ಳಗೇ ಕಾಣುತ್ತದೆ.

ಭರತನಾಟ್ಯದ ಪೈಜಾಮಕ್ಕೆ ಹಾಕುವ ಬೆಲ್ಟಿನ ಹಾಗೆ 5 ಇಂಚು ಅಗಲದ ನೇರ ಪಟ್ಟಿಯನ್ನು ಕೋರಾ ಬಟ್ಟೆಯಲ್ಲಿ ಹೊಲಿದು ಹಳೆಯ ಡಮ್ಮಿಯ ಮೇಲೆ ಹಾಕಿ ನೋಡಿದೆ. ಕೆಳಗೆ 33 ಇಂಚಿಗೆ ಸರಿಯಾದರೆ ಸೊಂಟದಲ್ಲಿ 8 ಇಂಚು ಸಡಿಲ. ಸೊಂಟಕ್ಕೆ ಸರಿಮಾಡಿದರೆ ಕೆಳಗೆ ಕೂರದೆ ಮೇಲಕ್ಕೆ ಸರಿಯುತ್ತಿತ್ತು. ಆದ್ದರಿಂದ ಪಟ್ಟಿಯನ್ನು ಆರು ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಮೇಲೆ ಕಿರಿದು, ಕೆಳಗೆ ಅಗಲ ಮಾಡಿ ಜೋಡಿಸಿದೆ. ಕೋರಾದಲ್ಲಿ ಸರಿಬಂದ ಮೇಲೆ ಅದೇ ಆರು ತುಂಡುಗಳನ್ನು ಬಿಳಿ ಡ್ರಿಲ್ ಬಟ್ಟೆಯಲ್ಲಿ ಕತ್ತರಿಸಿದೆ. ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಭಾಗ ಇದು. ಪಟ್ಟಿ ಅಲುಗಾಡಿದರೆ ಅದರ ಮೇಲಿನ ನೆಟ್ ಎಷ್ಟೇ ಚೆನ್ನಾಗಿದ್ದರೂ ಲಂಗ ಒಂದು ಕಡೆಗೆ ವಾಲುತ್ತದೆ.

ಜೂನ್ 2 ರಿಂದ 9: ಕ್ಯಾನ್‌ಕ್ಯಾನ್ ನೆಟ್ ಮತ್ತು ಒಂದು ವಾರದ ನಷ್ಟ

ಲೆಹೆಂಗಾಗಳಿಗೆ ಒಳಗೆ ಹಾಕುವ ಗಡಸು ಕ್ಯಾನ್‌ಕ್ಯಾನ್ ನೆಟ್ ಮಾರ್ಕೆಟ್ ರಸ್ತೆಯ ಅಂಗಡಿಯಲ್ಲಿ ಮೀಟರಿಗೆ 60 ರೂಪಾಯಿಗೆ ಸಿಕ್ಕಿತು. ಗಂಟೆಯ ಆಕಾರ ನಿಲ್ಲಬೇಕಾದರೆ ಒಳಗೆ ಗಡಸು ಇರಲೇಬೇಕು ಎಂಬುದು ನನ್ನ ಲೆಕ್ಕ. ಭರತನಾಟ್ಯದ ಉಡುಪಿನ ಬೀಸಣಿಗೆಯಲ್ಲಿ ರೇಷ್ಮೆಯ ನೆರಿಗೆಗಳನ್ನು ಒತ್ತಿ ಹೊಲಿದು ಕಟ್ಟಿಹಾಕುತ್ತೇವೆ. ಅರಮಂಡಿಯಲ್ಲಿ ಕೂತಾಗ ತೆರೆದು, ಎದ್ದಾಗ ಮತ್ತೆ ಅದೇ ಗೆರೆಯಲ್ಲಿ ಮಡಚಿಕೊಂಡರೆ ಅದು ಒಳ್ಳೆಯ ಹೊಲಿಗೆ. ಅದೇ ಅಭ್ಯಾಸದಿಂದ ಇಲ್ಲಿಯೂ ಬಟ್ಟೆ ಹೇಳಿದ ಮಾತು ಕೇಳಬೇಕು ಎಂದುಕೊಂಡು 6 ಮೀಟರ್ ತಂದು, ಎರಡು ಪದರ ಮಾಡಿ ಪಟ್ಟಿಗೆ ಹೊಲಿದು, ಡಮ್ಮಿಗೆ ತೊಡಿಸಿ, ತಿರುಗಿಸುತ್ತಾ ವಿಡಿಯೊ ಮಾಡಿ ಕಳುಹಿಸಿದೆ.

ಗುರುಗಳ ಉತ್ತರ ಮರುದಿನ ಬಂತು. ಹುಡುಗಿ ಹಾರಿದಾಗ ನೆಟ್ ಗಾಳಿ ತುಂಬಿಕೊಂಡು ಏಳಬೇಕು, ಅವಳು ನೆಲಕ್ಕಿಳಿದ ಮೇಲೂ ಅದು ಒಂದು ಕ್ಷಣ ತಡವಾಗಿ ಇಳಿಯಬೇಕು, ಇದು ಬಿಡಿಸಿದ ಕೊಡೆಯಂತೆ ನಿಂತೇ ಇದೆ ಎಂದು ಅವರು ತಿಳಿಸಿದರು. ಗಡಸು ಅಂಚು ತೊಡೆಗೆ ತರಚುತ್ತದೆ, ಸದ್ದನ್ನೂ ಮಾಡುತ್ತದೆ ಎಂದೂ ಸೇರಿಸಿದ್ದರು. ಡಮ್ಮಿಯನ್ನು ತಿರುಗಿಸಿ ನೋಡಿದಾಗ ನನಗೂ ಆ ಸರಸರ ಸದ್ದು ಕೇಳಿಸಿತ್ತು. ಆದರೂ ಅದನ್ನು ದೋಷವೆಂದು ಎಣಿಸಿರಲಿಲ್ಲ. ಎರಡೂ ಪದರಗಳನ್ನು ಬಿಚ್ಚಿದೆ. ಮೆತ್ತನೆಯ ನೆಟ್ ಆದರೆ ಗಂಟೆಯ ಆಕಾರ ಎಲ್ಲಿಂದ ಬರುತ್ತದೆ ಎಂಬ ನನ್ನ ಪ್ರಶ್ನೆಗೆ, ಪದರಗಳ ಸಂಖ್ಯೆಯಿಂದ ಮತ್ತು ನೆರಿಗೆಯ ದಟ್ಟಣೆಯಿಂದ ಎಂದು ಅವರು ಹೇಳಿದರು. ಮುಂದಿನ ಕೆಲಸವೆಲ್ಲ ನಡೆದದ್ದು ಆ ಒಂದು ಉತ್ತರದ ಮೇಲೆ.

ಜೂನ್ 16: ಸರಿಯಾದ ನೆಟ್ ಮತ್ತು ಬಣ್ಣ

58 ಇಂಚು ಅಗಲದ ಮೆತ್ತನೆಯ ನೈಲಾನ್ ನೆಟ್ 13 ಮೀಟರನ್ನು, ಮೀಟರಿಗೆ 80 ರೂಪಾಯಿಯಂತೆ, ತಂಗಿ ಬೆಂಗಳೂರಿನ ಚಿಕ್ಕಪೇಟೆಯಿಂದ ತಂದುಕೊಟ್ಟಳು. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ನಿಧಾನವಾಗಿ ಬಿಚ್ಚಿಕೊಳ್ಳಬೇಕು, ಪುಟಿದೇಳಬಾರದು ಎಂದು ನಾನು ಹೇಳಿ ಕಳುಹಿಸಿದ್ದೆ. ಅವಳು ನಾಲ್ಕು ಅಂಗಡಿಗಳಲ್ಲಿ ಹಾಗೆಯೇ ಹಿಡಿದು ನೋಡಿ ಆರಿಸಿದಳು.

ಹಗಲಿನ ಬೆಳಕಿಗೆ ಹಿಡಿದಾಗ ನೆಟ್‌ನ ಬಿಳುಪು ನೀಲಿಯ ಕಡೆಗೂ, ಮೇಲುಡುಪಿಗೆಂದು ತಂದಿದ್ದ ಕಾಟನ್ ಸ್ಯಾಟಿನ್‌ನ ಬಿಳುಪು ಕೆನೆಯ ಕಡೆಗೂ ಇದ್ದವು. ಕಾಫಿ ಸೀಮೆಯವರಾದ್ದರಿಂದ ಮೊದಲು ತೆಳುವಾದ ಡಿಕಾಕ್ಷನ್‌ನಲ್ಲಿ ಒಂದು ತುಂಡನ್ನು ಅದ್ದಿದೆ. ಅಲ್ಲಲ್ಲಿ ಕಂದು ಕಲೆಯಾಯಿತು. ಒಣಗಿದ ಮೇಲೂ ವಾಸನೆ ಹೋಗಲಿಲ್ಲ. ಎರಡನೆಯ ತುಂಡನ್ನು ಸೋಸಿದ ತೆಳು ಟೀ ನೀರಿನಲ್ಲಿ ಮೂರು ನಿಮಿಷ ಆಡಿಸಿ ತೆಗೆದಾಗ ಸ್ಯಾಟಿನ್‌ಗೆ ಹೊಂದಿತು. ಇಡೀ ನೆಟ್ಟನ್ನು ಕತ್ತರಿಸುವ ಮೊದಲೇ ದೊಡ್ಡ ಟಬ್ಬಿನಲ್ಲಿ, ಎಲ್ಲಿಯೂ ಮುದ್ದೆಯಾಗದಂತೆ ಕೈಯಾಡಿಸುತ್ತಾ, ಅದೇ ಹದದಲ್ಲಿ ಅದ್ದಿದೆ. ನೈಲಾನ್ ಆದ್ದರಿಂದ ಬಣ್ಣ ಹಿಡಿಯಿತು. ಪಾಲಿಯೆಸ್ಟರ್ ನೆಟ್ ಹೀಗೆ ಹಿಡಿಯುವುದಿಲ್ಲವಾದ್ದರಿಂದ ತುಂಡಿನಲ್ಲಿ ಪರೀಕ್ಷಿಸದೆ ಅದ್ದಬಾರದು.

ಜೂನ್ 22 ಮತ್ತು 23: ಕತ್ತರಿಸುವುದು

ಐದು ಪದರ, ಪ್ರತಿಯೊಂದರ ಸುತ್ತಳತೆ 5 ಮೀಟರ್. ಎಲ್ಲಕ್ಕಿಂತ ಹೊರಗಿನ ಪದರವನ್ನು ಸೊಂಟದಿಂದ 3 ಇಂಚು ಕೆಳಗೆ, ನಂತರದವನ್ನು ಅರ್ಧರ್ಧ ಇಂಚು ಕೆಳಗಿಳಿಸುತ್ತಾ, ಎಲ್ಲಕ್ಕಿಂತ ಒಳಗಿನದನ್ನು 5 ಇಂಚಿನ ಗೆರೆಗೆ ಹೊಲಿಯಬೇಕೆಂದು ಪಟ್ಟಿಯ ಮೇಲೆ ಗೆರೆ ಹಾಕಿಕೊಂಡೆ. ಒಳಗಿನ ಪದರ ಹೊರಗೆ ಇಣುಕದಂತೆ ಪ್ರತಿಯೊಂದರ ಅಂಚೂ ಅದರ ಮೇಲಿನದಕ್ಕಿಂತ ಅರ್ಧ ಇಂಚು ಗಿಡ್ಡವಿರಬೇಕು. ಎರಡನ್ನೂ ಕೂಡಿಸಿದರೆ ಪದರದಿಂದ ಪದರಕ್ಕೆ 1 ಇಂಚು ಕಡಿಮೆಯಾಗುತ್ತದೆ: ಹೊರಗಿನಿಂದ ಒಳಕ್ಕೆ 24, 23, 22, 21, 20. ಮೇಲೆ ನೆರಿಗೆಗೆ ಅರ್ಧ ಇಂಚು, ಕೆಳಗೆ ಕೊನೆಯಲ್ಲಿ ಸರಿಮಾಡಲು ಒಂದೂವರೆ ಇಂಚು ಸೇರಿಸಿ 26, 25, 24, 23, 22 ಇಂಚಿನ ಪಟ್ಟಿಗಳನ್ನು ನೆಟ್‌ನ ಉದ್ದಕ್ಕೆ ಕತ್ತರಿಸಿದೆ. 58 ಇಂಚು ಅಗಲದಲ್ಲಿ ಎರಡೆರಡು ಪಟ್ಟಿಗಳು ಕೂತವು. ಐದನೆಯದನ್ನು ಮಾತ್ರ ಎರಡೂವರೆ ಮೀಟರಿನ ಎರಡು ತುಂಡುಗಳಿಂದ ಕೂಡಿಸಿದೆ. ಒಟ್ಟು ಹನ್ನೆರಡೂವರೆ ಮೀಟರ್ ಖರ್ಚಾಗಿ ಅರ್ಧ ಮೀಟರ್ ಉಳಿಯಿತು.

ನೆಟ್ ಮೇಲೆ ಚಾಕ್ ಗುರುತು ನಿಲ್ಲುವುದಿಲ್ಲ, ಗುಂಡುಸೂಜಿ ತೂತಿನಿಂದ ಜಾರುತ್ತದೆ. ಹಜಾರದ ಕೆಂಪು ನೆಲದ ಮೇಲೆ ಬಿಳಿ ಟೇಪನ್ನು ಅಳತೆಗೆ ಸರಿಯಾಗಿ ಅಂಟಿಸಿ, ಅದರ ಮೇಲೆ ನೆಟ್ ಹಾಸಿ, ತುದಿಗಳಿಗೆ ಕಾಫಿಪುಡಿ ಡಬ್ಬಿಗಳನ್ನು ಭಾರವಿಟ್ಟು, ಬಲೆಯೊಳಗಿಂದ ಕಾಣುವ ಗೆರೆಯ ಮೇಲೆಯೇ ಕತ್ತರಿ ಓಡಿಸಿದೆ. ನೆಟ್‌ನ ಅಂಚು ಎಳೆ ಬಿಡುವುದಿಲ್ಲವಾದ್ದರಿಂದ ಮಡಿಚಿ ಹೊಲಿಯುವ ಅಗತ್ಯವಿಲ್ಲ. ಆದರೆ ಕತ್ತರಿ ನಡುವೆ ನಿಂತಲ್ಲೆಲ್ಲ ಹಲ್ಲಿನಂತೆ ಗುರುತು ಉಳಿಯುತ್ತದೆ.

ಜೂನ್ 29 ರಿಂದ ಜುಲೈ 7: ನೆರಿಗೆ

5 ಮೀಟರ್ ನೆಟ್ಟನ್ನು 30ರಿಂದ 33 ಇಂಚಿಗೆ ಕೂಡಿಸಬೇಕು, ಅಂದರೆ ಆರು ಪಟ್ಟು. ನನ್ನ ತುಳಿಯುವ ಯಂತ್ರದಲ್ಲಿ ಉದ್ದ ಹೊಲಿಗೆಯ ಎರಡು ಸಾಲು ಹಾಕಿ ದಾರ ಎಳೆದೆ. ಮೊದಲ ಪದರದಲ್ಲಿ ಎರಡು ಸಲ ದಾರ ತುಂಡಾಗಿ, ಕೂಡಿಸಿದ ನೆರಿಗೆಯೆಲ್ಲ ಬಿಚ್ಚಿಹೋಯಿತು. ಯಂತ್ರ ನೆಟ್ಟನ್ನು ಹಲ್ಲುಗಳ ಒಳಕ್ಕೆ ಎಳೆದುಕೊಳ್ಳುತ್ತಿದ್ದುದರಿಂದ ಕೆಳಗೆ ದಿನಪತ್ರಿಕೆಯ ಪಟ್ಟಿ ಇಟ್ಟು ಹೊಲಿದೆ. ಆ ತೊಂದರೆ ತಪ್ಪಿತು, ದಾರ ತುಂಡಾಗುವುದು ತಪ್ಪಲಿಲ್ಲ. ನಂತರ ಜೋಡಿ ದಾರದಲ್ಲಿ ಕೈಯಿಂದ ಪೋಣಿಸಿದೆ. ಒಂದು ಪದರಕ್ಕೆ ಎರಡು ಸಂಜೆಗಳು ಹಿಡಿದವು, ನೆರಿಗೆ ಒಂದೆಡೆ ದಟ್ಟ, ಇನ್ನೊಂದೆಡೆ ತೆಳುವಾಗಿ ಬಂತು.

ಮೂರನೆಯ ಉಪಾಯ ಫಲಿಸಿತು. ಹಾರ ಕಟ್ಟಲು ಬಳಸುವ ಗಟ್ಟಿ ಬಿಳಿ ಟ್ವೈನ್ ದಾರವನ್ನು ಅಂಚಿನಿಂದ ಕಾಲು ಇಂಚು ಕೆಳಗೆ ಇಟ್ಟು, ಅದನ್ನು ಎಲ್ಲಿಯೂ ಚುಚ್ಚದೆ ಅದರ ಮೇಲೆ ಜಿಗ್‌ಜಾಗ್ ಹೊಲಿಗೆ ಹಾಯಿಸುವುದು. ನನ್ನ ಯಂತ್ರದಲ್ಲಿ ಜಿಗ್‌ಜಾಗ್ ಇಲ್ಲದ ಕಾರಣ ಸೀರೆಗೆ ಫಾಲ್ ಮತ್ತು ಪೀಕೋ ಹಾಕುವ ಅಂಗಡಿಗೆ ಐದೂ ಪದರಗಳನ್ನು ಒಯ್ದೆ. 25 ಮೀಟರಿಗೆ ಮೀಟರಿಗೆ ಹತ್ತರಂತೆ 250 ರೂಪಾಯಿ ಆಯಿತು. ಟ್ವೈನ್ ಎಳೆದರೆ ನೆರಿಗೆ ಪರದೆಯಂತೆ ಸರಾಗವಾಗಿ ಸರಿಯುತ್ತದೆ, ತುಂಡಾಗುವ ಭಯವಿಲ್ಲ. ಎಳೆಯುವ ಮೊದಲು ನೆಟ್ ಮತ್ತು ಪಟ್ಟಿ ಎರಡನ್ನೂ ಎಂಟು ಸಮಭಾಗ ಮಾಡಿ ಬಣ್ಣದ ದಾರದ ಗುರುತು ಹಾಕಿಕೊಂಡೆ. ಗುರುತಿಗೆ ಗುರುತು ಸೇರಿಸಿದರೆ ದಟ್ಟಣೆ ತಾನಾಗಿ ಸಮನಾಗುತ್ತದೆ.

ಜುಲೈ 14: ಪಟ್ಟಿಗೆ ಪದರಗಳನ್ನು ಹೊಲಿಯುವುದು

ಒಳಗಿನ ಪದರದಿಂದ ಆರಂಭಿಸಿ ಮೇಲಕ್ಕೆ ಬರಬೇಕು. ಹಿಂಭಾಗದಲ್ಲಿ ಹುಕ್ಕು ಹಾಕಲು ಪಟ್ಟಿ ತೆರೆದಿರುತ್ತದೆ. ಅದಕ್ಕೆ ಹೊಂದುವಂತೆ ಪ್ರತಿ ಪದರದ ಜೋಡಣೆಯಲ್ಲಿಯೂ ಮೇಲಿನ 6 ಇಂಚನ್ನು ತೆರೆದಿಡಬೇಕು. ಒಳಗಿನ ಪದರವನ್ನು ನಾನು ಬಳೆಯಂತೆ ಪೂರ್ತಿ ಮುಚ್ಚಿ ಹೊಲಿದಿದ್ದೆ. ಅದು ಗೊತ್ತಾದದ್ದು ಮೂರು ಪದರಗಳು ಮುಗಿದ ಮೇಲೆ. ಮೇಲಿನ ಎರಡನ್ನು ಹಿಂಭಾಗದಲ್ಲಿ ಅರ್ಧ ಅಡಿ ಬಿಚ್ಚಿ, ಒಳಗಿನದನ್ನು ತೆರೆದು, ಮತ್ತೆ ಹೊಲಿಯುವುದರಲ್ಲಿ ಒಂದು ಭಾನುವಾರ ಕಳೆಯಿತು. ಕೊನೆಗೆ ಸ್ಯಾಟಿನ್‌ನ ಹೊರಪಟ್ಟಿಯನ್ನು ಡ್ರಿಲ್‌ನ ಮೇಲೆ ಕೂರಿಸಿ, ಅದರ ಕೆಳ ಅಂಚನ್ನು ಮಡಿಚಿ, ನೆರಿಗೆಯ ತಲೆ ಮುಚ್ಚುವಂತೆ ಕೈಹೊಲಿಗೆ ಹಾಕಿದೆ. ಸ್ಯಾಟಿನ್‌ನ ಹೊಳಪಿನ ಮುಖವನ್ನು ಒಳಗೆ ಮಾಡಿ ಮಂಕು ಮುಖವನ್ನೇ ಹೊರಗೆ ಬಳಸಿದ್ದೇನೆ. ವೇದಿಕೆಯ ದೀಪಕ್ಕೆ ಹೊಳೆಯುವ ಬಟ್ಟೆ ಆತ್ಮಗಳ ಪಾತ್ರಕ್ಕೆ ಒಪ್ಪುವುದಿಲ್ಲವೆಂದು ಗುರುಗಳು ಮೊದಲೇ ಹೇಳಿದ್ದರು.

ಜುಲೈ 20 ರಿಂದ 28: ಮೇಲುಡುಪು, ಉಸಿರು, ತುಕ್ಕು

ಮೇಲುಡುಪು ಏಳು ತುಂಡುಗಳದ್ದು: ಮುಂದೆ ನಡುವಿನದೊಂದು, ಅದರ ಎರಡು ಬದಿಗಳಲ್ಲಿ ಎರಡು, ಪಕ್ಕೆಗೆ ಎರಡು, ಬೆನ್ನಿಗೆ ಎರಡು. ಮುಂಭಾಗದ ನಡುವಿನ ತುಂಡು ಸೊಂಟದಿಂದ ಎರಡೂವರೆ ಇಂಚು ಕೆಳಗೆ ಮೊನಚಾಗಿ ಇಳಿದು ಪಟ್ಟಿಯ ಮೇಲೆ ಕೂರುತ್ತದೆ. ಪಕ್ಕೆಯ ತುಂಡುಗಳನ್ನು ಮಾತ್ರ ಕ್ರಾಸ್, ಅಂದರೆ ಬಟ್ಟೆಯ ಎಳೆಗೆ ಓರೆಯಾಗಿ, ಕತ್ತರಿಸಿದ್ದರಿಂದ ಅಲ್ಲಿ ಬಟ್ಟೆ ಸ್ವಲ್ಪ ಹಿಗ್ಗುತ್ತದೆ.

ಜುಲೈ 20ರ ಶನಿವಾರ ತಂಗಿ ಮಗಳೊಂದಿಗೆ ಬಂದಳು. ಮೇಲುಡುಪು ತೊಟ್ಟು ನಿಂತಾಗ ಎಲ್ಲವೂ ಸರಿಯಾಗಿ ಕಂಡಿತು. ಹಜಾರದಲ್ಲಿ ಹತ್ತು ನಿಮಿಷ ನರ್ತಿಸಿದ ಮೇಲೆ ಹುಡುಗಿ ಕೂತುಬಿಟ್ಟು, ‘ದೊಡ್ಡಮ್ಮ, ಉಸಿರು ಅರ್ಧಕ್ಕೇ ನಿಲ್ಲುತ್ತೆ’ ಎಂದಳು. ಬಿಚ್ಚಿ ನೋಡಿದಾಗ ಪಕ್ಕೆಲುಬಿನ ಮೇಲೆ ಹೊಲಿಗೆಯ ಕೆಂಪು ಗೆರೆಗಳಿದ್ದವು. ಪೂರ್ತಿ ಉಸಿರೆಳೆದುಕೊಳ್ಳಲು ಹೇಳಿ ಅಳೆದರೆ ಎದೆ 32 ಇಂಚು. ನಾನು ಹೊಲಿದದ್ದು ಮೂವತ್ತೂವರೆಗೆ. ನರ್ತಿಸುವ ಮಗುವಿನ ಅಳತೆಯನ್ನು ಉಸಿರು ತುಂಬಿದಾಗ ತೆಗೆಯಬೇಕೆಂಬ ತಿಳಿವಳಿಕೆ ಭರತನಾಟ್ಯದ ರವಿಕೆ ಹೊಲಿಯುವ ನನಗೆ ಇರಲೇಬೇಕಿತ್ತು, ಇರಲಿಲ್ಲ. ರವಿಕೆಗೆ ಬಿಡುವಂತೆ ಪಕ್ಕದ ಹೊಲಿಗೆಗಳಲ್ಲಿ ಒಂದೊಂದು ಇಂಚು ಮಾರ್ಜಿನ್ ಬಿಟ್ಟಿದ್ದುದರಿಂದ ಒಟ್ಟು ಒಂದೂವರೆ ಇಂಚು ಬಿಡಿಸಿಕೊಳ್ಳಲು ಸಾಧ್ಯವಾಯಿತು.

ಅದೇ ದಿನ ಇನ್ನೊಂದು ದೋಷ ಕಂಡಿತು. ಮೇಲುಡುಪನ್ನು ಸೊಂಟದ ಸುತ್ತಲೂ ಪಟ್ಟಿಗೆ ಸೇರಿಸಿ ಹೊಲಿದಿದ್ದೆ. ಅವಳು ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದಾಗ ಇಡೀ ಲಂಗ ಮುಕ್ಕಾಲು ಇಂಚು ಮೇಲೆ ಬರುತ್ತಿತ್ತು. ಆ ಹೊಲಿಗೆಯನ್ನು ಬಿಚ್ಚಿ, ಮುಂದೆ ನಡುವೆ ಒಂದು, ಪಕ್ಕಗಳಲ್ಲಿ ಎರಡು, ಹಿಂದೆ ಎರಡು, ಹೀಗೆ ಐದೇ ಕಡೆ ಅರ್ಧ ಇಂಚಿನ ದಾರದ ಕುಣಿಕೆಗಳಿಂದ ಸೇರಿಸಿದೆ. ಈಗ ಮೇಲುಡುಪು ಮೈಯೊಂದಿಗೆ ಏಳುತ್ತದೆ, ಲಂಗ ಇದ್ದಲ್ಲಿಯೇ ಇರುತ್ತದೆ.

ತುಕ್ಕಿನ ಸಂಗತಿ ಮಲೆನಾಡಿನ ಮಳೆಗಾಲದಲ್ಲಿ ಹೊಲಿಯುವ ಎಲ್ಲರಿಗೂ ಗೊತ್ತಿರಬೇಕಾದದ್ದು. ಪುಷ್ಯ ಮಳೆ ಹಿಡಿದು ಎಂಟು ದಿನ ಬಿಸಿಲೇ ಕಂಡಿರಲಿಲ್ಲ. ತಗಡಿನ ಡಬ್ಬಿಯಲ್ಲಿದ್ದ ಹಳೆಯ ಹುಕ್ಕುಗಳನ್ನೇ ಬೆನ್ನಿಗೆ ಹೊಲಿದು ಇಸ್ತ್ರಿಗೆ ಮುನ್ನ ನೀರು ಚಿಮುಕಿಸಿದ್ದೆ. ಮೂರನೆಯ ದಿನಕ್ಕೆ ಪ್ರತಿ ಹುಕ್ಕಿನ ಕೆಳಗೆ ಕಂದು ಚುಕ್ಕೆ. ನಿಂಬೆಹಣ್ಣು ಮತ್ತು ಉಪ್ಪು ಹಾಕಿ ಉಜ್ಜಿದರೂ ಕಲೆ ಪೂರ್ತಿ ಹೋಗಲಿಲ್ಲ. ಅರ್ಧ ಮೀಟರ್ ಸ್ಯಾಟಿನ್ ಮತ್ತೆ ತಂದು ಬೆನ್ನಿನ ಎರಡೂ ತುಂಡುಗಳನ್ನು ಬದಲಾಯಿಸಿ, ತುಕ್ಕು ಹಿಡಿಯದ ಹೊಸ ಹುಕ್ಕುಗಳನ್ನು ಹೊಲಿದೆ. ಒಂದು ಹುಕ್ಕು ಎಡಕ್ಕೆ, ಮುಂದಿನದು ಬಲಕ್ಕೆ ಮುಖ ಮಾಡುವಂತೆ ಹಾಕಿದರೆ ಬಾಗಿದಾಗ ತಾನಾಗಿ ಕಳಚುವುದಿಲ್ಲ.

ಆಗಸ್ಟ್ 15: ಅಂಚು ಸರಿಮಾಡುವುದು

ಲಂಗವನ್ನು ಒಂದು ವಾರ ತೂಗುಹಾಕಿದ್ದರಿಂದ ನೆಟ್ ತನ್ನ ಭಾರಕ್ಕೆ ಇಳಿದು ನಿಂತಿತ್ತು. ಹುಡುಗಿ ಬರುವ ಮೊದಲೇ, ಹ್ಯಾಂಗರಿನಲ್ಲಿದ್ದಾಗ ಒಳಗಿನ ಪದರದ ಅಂಚನ್ನು ಕತ್ತರಿಸಿ ಮುಗಿಸಿದ್ದು ಆತುರದ ಕೆಲಸವಾಯಿತು. ಮೈಮೇಲೆ ಬಂದಾಗ ಹಿಂಭಾಗ ಪೃಷ್ಠದ ಮೇಲೆ ಹಾದು ಬರಬೇಕಾದ್ದರಿಂದ ಅಲ್ಲಿ ಒಂದು ಇಂಚು ಗಿಡ್ಡವಾಯಿತು. ಒಳಗಿನದಾದ್ದರಿಂದ ಹೊರಗೆ ಕಾಣುವುದಿಲ್ಲ, ಹಾಗೆಯೇ ಬಿಟ್ಟಿದ್ದೇನೆ.

ಉಳಿದವನ್ನು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಕತ್ತರಿಸಿದೆ. ಮೇಲಿನ ಪದರಗಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಎತ್ತಿ ಕಟ್ಟಿ, ನಾಲ್ಕನೆಯ ಪದರಕ್ಕೆ ಬೆಂಚಿನಿಂದ ಹನ್ನೆರಡೂವರೆ ಇಂಚು, ಮೂರನೆಯದಕ್ಕೆ 12, ಎರಡನೆಯದಕ್ಕೆ ಹನ್ನೊಂದೂವರೆ, ಹೊರಗಿನದಕ್ಕೆ 11 ಎಂದು ಮರದ ಅಡಿಕೋಲಿನಲ್ಲಿ ಗುರುತಿಟ್ಟು, ನಾನೇ ಸುತ್ತ ಸರಿಯುತ್ತಾ ಕತ್ತರಿಸಿದೆ. ಮಗು ತಿರುಗಿದರೆ ಅಳತೆ ತಪ್ಪುತ್ತದೆ.

ಕೊನೆಗೆ ಸುಕ್ಕು ತೆಗೆಯಲು ಇಸ್ತ್ರಿಪೆಟ್ಟಿಗೆಯನ್ನು ಹತ್ತಿಬಟ್ಟೆಯ ಬಿಸಿಯಲ್ಲಿಯೇ ತಾಗಿಸಿದೆ. ಎರಡನೆಯ ಪದರದಲ್ಲಿ ರೂಪಾಯಿ ನಾಣ್ಯದಷ್ಟು ನೆಟ್ ಕರಗಿ ತೂತಾಯಿತು. ಅದು ನೆರಿಗೆಯ ಮಡಿಕೆಯೊಳಗೆ ಸೇರಿದ್ದು ಅದೃಷ್ಟ. ಆಮೇಲೆ ಬಿಸಿನೀರಿನ ಹಂಡೆಯ ಆವಿಯಿರುವ ಬಚ್ಚಲುಮನೆಯಲ್ಲಿ ಅರ್ಧ ಗಂಟೆ ತೂಗುಹಾಕಿದಾಗ ಸುಕ್ಕು ತಾನಾಗಿ ಬಿಟ್ಟಿತು. ಮೊದಲೇ ಹಾಗೆ ಮಾಡಬೇಕಿತ್ತು.

ಆ ತೂತನ್ನು ನೋಡಿದ ಮೇಲೆ ನನಗೆ ಬೆಂಕಿಯ ಭಯ ಹತ್ತಿತು. 1862ರಲ್ಲಿ ಪ್ಯಾರಿಸ್‌ನಲ್ಲಿ ಎಮ್ಮಾ ಲಿವ್ರಿ ಎಂಬ ಯುವ ನರ್ತಕಿಯ ಲಂಗಕ್ಕೆ ಅಭ್ಯಾಸದ ವೇಳೆ ಗ್ಯಾಸ್ ದೀಪದ ಬೆಂಕಿ ತಗುಲಿ, ಎಂಟು ತಿಂಗಳು ನರಳಿ ಅವಳು ತೀರಿಕೊಂಡಳು. ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿದ ಲಂಗ ಗಡಸಾಗಿ ಮಂಕಾಗುತ್ತದೆಂದು ಅವಳು ಅದನ್ನು ತೊಡಲು ಒಪ್ಪಿರಲಿಲ್ಲ. ಈಗ ಗ್ಯಾಸ್ ದೀಪಗಳಿಲ್ಲ, ಆದರೆ ನಮ್ಮ ಕಾರ್ಯಕ್ರಮಗಳಲ್ಲಿ ದೀಪ ಬೆಳಗಿಸದೆ ಯಾವುದೂ ಆರಂಭವಾಗುವುದಿಲ್ಲ. ನೈಲಾನ್ ಕರಗಿ ಚರ್ಮಕ್ಕೆ ಅಂಟುವ ವಸ್ತು. ಮಕ್ಕಳು ವೇದಿಕೆಗೆ ಬರುವ ಮುನ್ನ ದೀಪದ ಕಂಬವನ್ನು ಕೆಳಗಿಳಿಸಬೇಕೆಂದು ಗುರುಗಳಿಗೆ ಹೇಳುವಂತೆ ತಂಗಿಗೆ ಒತ್ತಾಯಿಸಿದೆ, ಅವರು ಒಪ್ಪಿದರು.

ಖರ್ಚು

ಕೋರಾ ಬಟ್ಟೆ 120, ಮೆತ್ತನೆಯ ನೆಟ್ 1,040, ಡ್ರಿಲ್ 160, ಕಾಟನ್ ಸ್ಯಾಟಿನ್ 270, ಲೈನಿಂಗ್ 80, ದಾರ, ಹುಕ್ಕು ಮತ್ತು ಭುಜದ ಎಲಾಸ್ಟಿಕ್ 150, ಜಿಗ್‌ಜಾಗ್ 250. ಇವು 2,070 ರೂಪಾಯಿ. ನನ್ನ ತಪ್ಪುಗಳಿಗೆ ತೆತ್ತದ್ದು ಕ್ಯಾನ್‌ಕ್ಯಾನ್ ನೆಟ್‌ನ 360 ಮತ್ತು ಎರಡನೆಯ ಸಲದ ಸ್ಯಾಟಿನ್‌ನ 90. ಒಟ್ಟು 2,520. ಬರೆದಿಟ್ಟ ಗಂಟೆಗಳ ಲೆಕ್ಕ 46. ಅದರಲ್ಲಿ ಬಿಚ್ಚಿ ಮತ್ತೆ ಹೊಲಿದದ್ದೇ ಸುಮಾರು 17.

ಸೆಪ್ಟೆಂಬರ್ 8: ದುರಸ್ತಿ

ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ಸಾಲಿನಲ್ಲಿದ್ದ ಹುಡುಗಿಯರು ಒಟ್ಟಿಗೆ ಹಾರಿ ಇಳಿದಾಗ, ಗುರುಗಳು ಜೂನ್‌ನಲ್ಲಿ ಹೇಳಿದ್ದ ಆ ಒಂದು ಕ್ಷಣದ ತಡವನ್ನು ನಮ್ಮ ಲಂಗದಲ್ಲಿ ಕಣ್ಣಾರೆ ಕಂಡೆ. ಲಂಗ ಈ ವಾರ ನನ್ನ ಬಳಿಗೆ ಮರಳಿದೆ. ಹೊರಗಿನ ಪದರವನ್ನು ಯಾರದೋ ಪಾದ ತುಳಿದು ಬಲಬದಿಯಲ್ಲಿ 3 ಇಂಚು ಹರಿದಿದೆ. ಒಳಪಟ್ಟಿಯ ಡ್ರಿಲ್ ಬೆವರಿನಿಂದ ಸೊಂಟದ ಬಳಿ ಹಳದಿಯಾಗಿದೆ. ಡ್ರಿಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಗಾಳಿಗೆ ಹಾಕಿದ್ದೇನೆ. ಮುಂದಿನ ಸಲ ಅಲ್ಲಿ ಕಳಚಿ ಒಗೆಯಬಹುದಾದ ಪಾಪ್ಲಿನ್ ಒಳಪಟ್ಟಿ ಇರಬೇಕು. ಹರಿದ ಜಾಗಕ್ಕೆ ಮಿಕ್ಕ ಅರ್ಧ ಮೀಟರ್ ನೆಟ್‌ನಿಂದ 4 ಇಂಚಿನ ತುಂಡು ಕತ್ತರಿಸಿ, ಟೀ ಬಣ್ಣ ಹೊಂದುವುದನ್ನು ಹಗಲಿನ ಬೆಳಕಿನಲ್ಲಿ ನೋಡಿಕೊಂಡು, ಹರಿದ ಅಂಚಿನ ಹಿಂದೆ ಇಟ್ಟು ಒಂಟಿ ದಾರದಲ್ಲಿ ಹೊಲಿದಿದ್ದೇನೆ. ಎರಡು ಮಾರು ದೂರದಿಂದ ಹೊಲಿಗೆ ಕಾಣುವುದಿಲ್ಲ. ಲಂಗವನ್ನು ಈಗ ಒಳಮೈ ಹೊರಗೆ ಮಾಡಿ, ಸೊಂಟ ಕೆಳಗೆ ಬರುವಂತೆ ತಲೆಕೆಳಗಾಗಿ ತೂಗುಹಾಕಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ.